ಬರಹದ ತೂಕ

ವಿದ್ಯಾರ್ಥಿಗಳ ಪ್ರಬಂಧಗಳಿಗೆ ದಾನಿಗಳ ಹೆಸರಿನಲ್ಲಿ ಬಹುಮಾನವಿತ್ತು ಶ್ರೇಣಿ ನಿರ್ಣಯಿಸುವ ಪರಿಪಾಠವು ಸ್ತುತ್ಯವಾದುದು. ಆದರೆ ಆ ನಿರ್ಣಯದ ಅಳತೆಗೋಲು ಯಾವುದೆಂಬುದು ವಿಚಾರಾರ್ಹವಾಗಿದೆ.

12ನೆಯ ಶತಮಾನದಲ್ಲಿಯೇ ಚೆನ್ನಬಸವಣ್ಣನವರು ವಚನಗಳ ತಾರತಮ್ಯವನ್ನು ಹೇಳಿರುವರು. ಅವರ ಎಣಿಕೆಯು ಆದ್ಯರ 60 ವಚನಗಳಿಂದ ಮೊದಲಾಗಿ, ಬಸವಣ್ಣನವರ 20, ಅಲ್ಲಮಪ್ರಭುಗಳ 10, ಅಜಗಣ್ಣನವರ 5 ಎಂದು ಕಿರಿದಾಗುತ್ತ, ಅಕ್ಕಮಹಾದೇವಿಯವರ ಒಂದೇ ವಚನದಲ್ಲಿ ನಿಲ್ಲುತ್ತದೆ. ಅಲ್ಲಿ ಪದವಿಯಾಗಲಿ, ಹಿರಿತನವಾಗಲಿ, ಬರೆದ ಪ್ರಮಾಣವಾಗಲಿ ಗಣನೆಗೆ ಬರಲಿಲ್ಲ, ಅನುಭಾವವೊಂದೇ ತೂಗಿತು.

ನಮ್ಮ ಮುಂಡಗೋಡ ಸೀಮೆಯಲ್ಲಿ ಲಂಬಾಣಿ, ಕೊಂಕಣಿ, ಮರಾಠಿ, ಉರ್ದು ಮನೆಮಾತಿನ ಮಕ್ಕಳೂ ಕನ್ನಡದಲ್ಲಿ ಬರೆಯುತ್ತಾರೆ. ಅವರ ಕಾಗುಣಿತದ ದೋಷವನ್ನು ನಾವು ತಿದ್ದಬಲ್ಲೆವು. ಕಂಡುದನ್ನು ಕಂಡಂತೆ ಹೇಳುವ ಶಕ್ತಿಯನ್ನು ಯಾವ ಗುರುವೂ ಎರವಲು ಕೊಡಲಾರನು. ಆದುದರಿಂದ ಮೊದಲ ಮನ್ನಣೆ ಸ್ವಾನುಭವಕ್ಕೆ, ಬಳಿಕ ವಿಚಾರದ ಸ್ಪಷ್ಟತೆಗೆ, ಅನಂತರ ಭಾಷಾಶುದ್ಧಿಗೆ ಸಲ್ಲಲಿ. ಅಕ್ಷರದ ಅಂದಕ್ಕೂ ಪುಟಗಳ ಸಂಖ್ಯೆಗೂ ಅಂಕ ಬೇಡ.

ಬರೆದವರ ಹೆಸರನ್ನು ಮರೆಮಾಡಿ ಇಬ್ಬರು ಅಧ್ಯಾಪಕರು ಪ್ರತ್ಯೇಕವಾಗಿ ಓದಲಿ. ಅಭಿಪ್ರಾಯಭೇದ ಬಂದಲ್ಲಿ ಮೂರನೆಯವರು ನೋಡಲಿ. ನಿರ್ಣಯದ ಕಾರಣವನ್ನು ಬಹುಮಾನ ಬಾರದ ಮಗುವಿಗೂ ತಿಳಿಸಲಿ. ದಾನಿಗಳು ಬಹುಮಾನವನ್ನು ಕೊಡಲಿ, ಪಡೆಯುವವರನ್ನು ಸೂಚಿಸದಿರಲಿ. ತಕ್ಕಡಿ ನೇರವಾಗಿರುವ ಶಾಲೆಯಲ್ಲಿ ಸೋತ ಮಗುವೂ ಮರುವರ್ಷ ಲೇಖನಿ ಹಿಡಿಯುವುದು.