ಹೊಸ ಊರಿನ ಭಾನುವಾರ

ಮಗನೋ ಮಗಳೋ ಓದಲು ಪರಊರಿಗೆ ಹೊರಟರೆಂದರೆ ಮನೆಯಲ್ಲೊಂದು ಪಟ್ಟಿ ತಯಾರಾಗುತ್ತದೆ. ಹಾಸಿಗೆ, ಬಕೆಟ್ಟು, ಉಪ್ಪಿನಕಾಯಿ ಡಬ್ಬಿ, ಅಂಕಪಟ್ಟಿಯ ನಕಲು, ಆದಾಯ ಪ್ರಮಾಣಪತ್ರ. ಕ್ರೈಸ್ತರ ಮನೆಯಾದರೆ ತಾಯಿ ಬಟ್ಟೆಗಳ ನಡುವೆ ಒಂದು ಬೈಬಲ್ಲನ್ನೂ ಇಡುತ್ತಾಳೆ. ಭಾನುವಾರ ಬೆಳಿಗ್ಗೆ ಯಾವ ಚರ್ಚಿಗೆ ಹೋಗುವುದು ಎಂಬ ಪ್ರಶ್ನೆ ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ‘ಬೆಂಗಳೂರಿನಲ್ಲಿ ಚರ್ಚಿಗೇನು ಬರವೇ?’ ಎಂದುಕೊಳ್ಳುತ್ತಾರೆ. ಬರವಿಲ್ಲ, ನಿಜ. ತೊಂದರೆ ಶುರುವಾಗುವುದೇ ಅಲ್ಲಿಂದ.

ಊರಿನಲ್ಲಿ ಇರುವುದು ಒಂದೇ ಚರ್ಚು. ಅಜ್ಜಿ ಕೂರುವ ಬೆಂಚು ಯಾವುದೆಂದು ಎಲ್ಲರಿಗೂ ಗೊತ್ತು. ಒಂದು ವಾರ ತಪ್ಪಿದರೆ ಮಧ್ಯಾಹ್ನದೊಳಗೆ ಯಾರಾದರೂ ಬಾಗಿಲು ತಟ್ಟಿ ‘ಹುಡುಗನಿಗೆ ಮೈ ಸರಿಯಿಲ್ಲವೇ?’ ಎಂದು ಕೇಳುತ್ತಾರೆ. ದೊಡ್ಡ ಊರಿನಲ್ಲಿ ಹಾಗಲ್ಲ. ಮೊದಲ ವಾರ ಪ್ರಸಿದ್ಧವಾದ ಹಳೆಯ ಚರ್ಚು. ಎರಡನೆಯ ವಾರ ಕೋಣೆಯ ಗೆಳೆಯ ಹೋಗುವ ಪ್ರಾರ್ಥನಾ ಸಭೆ. ಮೂರನೆಯ ವಾರ ಗಿಟಾರು, ಡ್ರಮ್ಮುಗಳ ಅಬ್ಬರ ಇರುವ ಸಭಾಂಗಣ. ನಾಲ್ಕನೆಯ ವಾರ ಸೋಮವಾರದ ಟೆಸ್ಟಿಗೆ ಓದು. ಕ್ರಿಸ್ಮಸ್ ಹೊತ್ತಿಗೆ ಚರ್ಚು ಎನ್ನುವುದು ರಜೆಗೆ ಊರಿಗೆ ಹೋದಾಗಿನ ಸಂಗತಿಯಾಗಿಬಿಡುತ್ತದೆ. ‘ನಾನು ನಂಬಿಕೆ ಬಿಟ್ಟೆ’ ಎಂದು ತೀರ್ಮಾನಿಸಿ ಬಿಟ್ಟವರು ಕಡಿಮೆ. ಹೋಗಲು ನಿರ್ದಿಷ್ಟವಾದ ಜಾಗವಿಲ್ಲದೆ ಬಿಟ್ಟುಹೋಯಿತು ಎನ್ನುವವರೇ ಹೆಚ್ಚು.

ಹುಡುಕುವ ಮೊದಲು ಬಾಗಿಲ ಮೇಲಿನ ಬೋರ್ಡು ಓದಲು ಕಲಿಯಬೇಕು. ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ, ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಆಂಗ್ಲಿಕನ್, ವೆಸ್ಲಿಯನ್ ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಂಪ್ರದಾಯಗಳು ಅಂದು ಒಂದಾದವು. ಕರಾವಳಿ ಮತ್ತು ಧಾರವಾಡ ಸೀಮೆಯ ಬಾಸೆಲ್ ಮಿಷನ್ ಸಭೆಗಳು ಈಗ ಬಹುಮಟ್ಟಿಗೆ ಇದರೊಳಗಿವೆ. ಹೀಗಾಗಿ ಉಡುಪಿಯ ಹುಡುಗಿ ಮೈಸೂರಿನ ಸಿ.ಎಸ್.ಐ. ಚರ್ಚಿನಲ್ಲಿ ಕುಳಿತರೆ ಆರಾಧನೆಯ ಕ್ರಮ ಅವಳಿಗೆ ಹೊಸದೆನಿಸದು. ಬೀದರ್ ಕಡೆಯ ಮೆಥೊಡಿಸ್ಟ್ ಸಭೆಗಳ ಕತೆ ಬೇರೆ. ಅವು ಅಮೆರಿಕನ್ ಮಿಷನ್ನಿನಿಂದ ಬೆಳೆದವು, 1947ರ ಐಕ್ಯದಲ್ಲಿ ಸೇರಲಿಲ್ಲ. 1981ರಿಂದ ‘ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ’ ಎಂಬ ಸ್ವತಂತ್ರ ಸಭೆಯ ಭಾಗವಾಗಿವೆ. ಬೀದರಿನ ವಿದ್ಯಾರ್ಥಿಗೆ ತನ್ನದೇ ಸಭೆ ಹತ್ತಿರದಲ್ಲಿ ಸಿಗದಿದ್ದರೆ ಸಿ.ಎಸ್.ಐ. ಚರ್ಚು ಪರಕೀಯವೇನಲ್ಲ. ಎರಡರ ಬೇರಿನಲ್ಲೂ ವೆಸ್ಲಿಯ ಹೆಸರಿದೆ.

ಕಥೋಲಿಕ ವಿದ್ಯಾರ್ಥಿಗಳಿಗೆ ಈ ಹುಡುಕಾಟ ಇನ್ನೂ ಹಗುರ. ಅವರಲ್ಲಿ ಧರ್ಮಕೇಂದ್ರಕ್ಕೆ ಸಾಮಾನ್ಯವಾಗಿ ಒಂದು ಎಲ್ಲೆ ಇರುತ್ತದೆ. ನೀವು ಎಲ್ಲಿ ವಾಸವಾಗಿದ್ದೀರೋ ಅಲ್ಲಿನ ಚರ್ಚು ನಿಮ್ಮದು. 1983ರ ಧರ್ಮಸಭಾ ಕಾನೂನಿನ ಪ್ರಕಾರ ಒಂದು ಜಾಗದಲ್ಲಿ ಮೂರು ತಿಂಗಳು ಇರುವ ಉದ್ದೇಶದಿಂದ ನೆಲೆಸಿದರೆ, ಅಥವಾ ಮೂರು ತಿಂಗಳು ಇದ್ದೇ ಬಿಟ್ಟರೆ, ಅಲ್ಲಿ ನಿಮಗೆ ಒಂದು ಬಗೆಯ ನಿವಾಸದ ಹಕ್ಕು ಬರುತ್ತದೆ. ಅಲ್ಲಿನ ಗುರುಗಳು ನಿಮ್ಮ ಗುರುಗಳೂ ಆಗುತ್ತಾರೆ. ಹಾಸ್ಟೆಲಿನ ಹುಡುಗಿ ಅಲ್ಲಿ ಅತಿಥಿಯಲ್ಲ, ಮನೆಯವಳು. ಈ ವಿಷಯ ತಿಳಿಯದೆ ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಸಂಕೋಚದಿಂದ ಕುಳಿತು ಹೋಗುವ ಮಕ್ಕಳಿದ್ದಾರೆ.

ಮುಂದಿನದು ಭಾಷೆ. ಬೆಂಗಳೂರಿನ ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ಚರ್ಚು, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ಕನ್ನಡ ಸಭೆಗಳಾಗಿಯೇ ಬಂದವು. ಹಲವು ಕಥೋಲಿಕ ಚರ್ಚುಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆಗಳಿಗೆ ಬೇರೆಬೇರೆ ಹೊತ್ತು. ಕೆಲವೆಡೆ ಕೊಂಕಣಿಯೂ ಉಂಟು. ಕಾಲೇಜು ಸೇರಿದ ಮಕ್ಕಳು ಇಂಗ್ಲಿಷ್ ಆರಾಧನೆಯ ಕಡೆ ವಾಲುವುದು ಸಹಜ. ಗೆಳೆಯರು ಅಲ್ಲಿರುತ್ತಾರೆ, ಇಂಗ್ಲಿಷೂ ಸುಧಾರಿಸುತ್ತದೆ. ತಪ್ಪೇನಿಲ್ಲ. ಆದರೆ ಒಂದು ಪರೀಕ್ಷೆ ಮಾಡಿಕೊಳ್ಳಿ: ಮನಸ್ಸು ಕುಗ್ಗಿದ ರಾತ್ರಿ ನಿಮ್ಮ ಬಾಯಲ್ಲಿ ಪ್ರಾರ್ಥನೆ ಯಾವ ಭಾಷೆಯಲ್ಲಿ ಬರುತ್ತದೆ? ಕನ್ನಡದಲ್ಲಿ ಎಂದಾದರೆ ವಾರಕ್ಕೊಂದು ಗಂಟೆ ಆ ಭಾಷೆಯ ನಡುವೆ ಕೂರುವುದು ಒಳ್ಳೆಯದು. 1894ರಲ್ಲಿ ಬೃಹತ್ ಕನ್ನಡ ನಿಘಂಟನ್ನು ಹೊರತಂದ ಕಿಟೆಲ್ ಬಾಸೆಲ್ ಮಿಷನ್ನಿನ ಪಾದ್ರಿ. ಕನ್ನಡದಲ್ಲಿ ಪ್ರಾರ್ಥಿಸುವವರು ನಾಚಬೇಕಾದ ಕಾರಣವಿಲ್ಲ.

ಎಷ್ಟು ದಿನ ಹುಡುಕಬೇಕು? ಮೂರು ತಿಂಗಳು ಸಾಕು. ಕಾನೂನು ಕಥೋಲಿಕರಿಗೆ ಹೇಳುವ ಆ ಗಡುವನ್ನು ಎಲ್ಲರೂ ಇಟ್ಟುಕೊಳ್ಳಬಹುದು. ಒಂದೇ ಭಾನುವಾರ ನೋಡಿ ತೀರ್ಪು ಕೊಡಬೇಡಿ. ಯಾವುದೇ ಸಭೆಗೆ ಸತತ ನಾಲ್ಕು ವಾರ ಹೋಗಿ. ಹತ್ತು ಕಡೆ ಒಂದೊಂದು ಅಡಿ ತೋಡಿದವನಿಗೆ ಬಾವಿ ಸಿಕ್ಕಿದ್ದುಂಟೆ? ನಡೆದೋ ಒಂದೇ ಬಸ್ಸಿನಲ್ಲೋ ತಲುಪಬಹುದಾದ ದೂರದಲ್ಲಿದ್ದರೆ ಮೇಲು. ಎರಡು ಬಸ್ಸು ಬದಲಿಸಬೇಕಾದ ಭಕ್ತಿ ಸೆಮಿಸ್ಟರ್ ಪರೀಕ್ಷೆಯ ತನಕ ಬಾಳುವುದು ಕಷ್ಟ. ಬೋಧನೆ ಬೈಬಲ್ಲಿಗೆ ಅಂಟಿಕೊಂಡಿದೆಯೇ, ಬಡವರಿಗೂ ಶ್ರೀಮಂತರಿಗೂ ಒಂದೇ ಬೆಂಚು ಇದೆಯೇ, ಕಾಣಿಕೆಯ ಲೆಕ್ಕ ಸದಸ್ಯರ ಮುಂದೆ ಬರುತ್ತದೆಯೇ ಎಂದು ನೋಡಿ. ಹಾಡು ಸೊಗಸಾಗಿದೆಯೇ ಎಂಬುದು ಆಮೇಲಿನ ಮಾತು.

ಕೆಲವು ಬಾಗಿಲುಗಳಿಂದ ಹಿಂದಿರುಗಲೂ ತಿಳಿದಿರಬೇಕು. ತಂದೆತಾಯಿಗೆ ಹೇಳಬೇಡ ಎನ್ನುವವರು, ವೈದ್ಯರು ಬರೆದ ಔಷಧಿ ಬಿಡು ಎನ್ನುವವರು, ಪರೀಕ್ಷೆಯ ಮುನ್ನಾದಿನವೂ ರಾತ್ರಿ ಪ್ರಾರ್ಥನೆಗೆ ಬಾ ಎಂದು ಒತ್ತಾಯಿಸುವವರು, ಖಾಸಗಿಯಾಗಿ ಹಣ ಕೇಳುವವರು, ತಮ್ಮ ಸಭೆಯ ಹೊರಗೆ ರಕ್ಷಣೆಯೇ ಇಲ್ಲ ಎಂದು ಹೆದರಿಸುವವರು — ಇವರ ಮಾತು ಎಷ್ಟೇ ಸಿಹಿಯಾಗಿರಲಿ, ನಮಸ್ಕಾರ ಹೇಳಿ ಹೊರಬನ್ನಿ. ಮನೆಯಿಂದ ದೂರವಿರುವ ಹದಿನೆಂಟರ ಮಕ್ಕಳ ಒಂಟಿತನ ಇಂಥವರಿಗೆ ಬೇಗ ಕಾಣುತ್ತದೆ.

ಕಾಲೇಜಿನೊಳಗೇ ಕ್ರೈಸ್ತ ವಿದ್ಯಾರ್ಥಿಗಳ ಕೂಟ ಇರುವಾಗ ಚರ್ಚು ಬೇರೆ ಏಕೆ ಎಂದು ಕೆಲವರು ಕೇಳುತ್ತಾರೆ. ಯು.ಇ.ಎಸ್.ಐ., ಕಥೋಲಿಕರ ಐಕಫ್ ಮುಂತಾದ ಸಂಘಟನೆಗಳು ದಶಕಗಳಿಂದ ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುತ್ತಿವೆ, ಸೇರುವುದಾದರೆ ಸೇರಿ. ಆದರೆ ಅಲ್ಲಿರುವವರೆಲ್ಲ ನಿಮ್ಮ ವಯಸ್ಸಿನವರೇ. ನಿಮ್ಮ ಸಂಶಯಗಳೇ ಅವರವೂ, ನಿಮ್ಮ ಪರೀಕ್ಷಾ ಭಯವೇ ಅವರದೂ. ಚರ್ಚಿನಲ್ಲಿ ದೀಕ್ಷಾಸ್ನಾನಕ್ಕೆ ತಂದ ಕೂಸು ಇರುತ್ತದೆ, ಗಂಡನನ್ನು ಕಳೆದುಕೊಂಡ ಮುದುಕಿ ಇರುತ್ತಾಳೆ, ಕಾರ್ಖಾನೆ ಮುಚ್ಚಿ ಕೆಲಸ ಹೋದ ಗೃಹಸ್ಥ ಇರುತ್ತಾನೆ. ಇಪ್ಪತ್ತಕ್ಕೆ ಮುಗಿಯದ ಬಾಳನ್ನು ನಂಬಿಕೆಯಿಂದ ಸಾಗಿಸುವುದು ಹೇಗೆಂದು ಅವರನ್ನು ನೋಡಿ ಕಲಿಯಬೇಕು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೆಯ ಅಧ್ಯಾಯದಲ್ಲಿ ಪೌಲನು ಸಭೆಯನ್ನು ದೇಹಕ್ಕೆ ಹೋಲಿಸುತ್ತಾನೆ. ಬರೀ ಕಣ್ಣುಗಳೇ ಸೇರಿದರೆ ದೇಹವಾಗದು ಎಂಬುದು ಅದರ ತಾತ್ಪರ್ಯ. ಬರೀ ವಿದ್ಯಾರ್ಥಿಗಳೇ ಸೇರಿದರೂ ಅಷ್ಟೆ.

2020ರಲ್ಲಿ ಕೋವಿಡ್ಡಿನಿಂದ ಚರ್ಚುಗಳು ಮುಚ್ಚಿದಾಗ ಆರಾಧನೆ ಫೋನಿನ ಪರದೆಗೆ ಬಂತು. ಅಂದು ಅದು ಆಸರೆಯಾಗಿತ್ತು. ಈಗಲೂ ಕೆಲವರು ಹಾಸಿಗೆಯಲ್ಲೇ ಮಲಗಿ ಊರಿನ ಚರ್ಚನ್ನು ನೋಡಿ ಭಾನುವಾರ ಮುಗಿಸುತ್ತಾರೆ. ಪ್ರಸಂಗ ಕಿವಿಗೆ ಬೀಳುತ್ತದೆ, ಸರಿ. ಡೆಂಗೆ ಬಂದು ಹಾಸ್ಟೆಲಿನಲ್ಲಿ ಮಲಗಿದಾಗ ಆ ಪರದೆ ಗಂಜಿ ತರುತ್ತದೆಯೇ?

ಚರ್ಚು ಆರಿಸಿದ ಮೇಲೆ ಮಾಡಬೇಕಾದ ಕೆಲಸಗಳು ಚಿಕ್ಕವು. ಮೊದಲು ಸಭಾಪಾಲಕರನ್ನೋ ಗುರುಗಳನ್ನೋ ಕಂಡು ಹೆಸರು, ಊರು, ಕಾಲೇಜು ತಿಳಿಸಿ. ಊರಿನ ಸಭೆಯಿಂದ ಒಂದು ಪರಿಚಯ ಪತ್ರ ತಂದರೆ ಉತ್ತಮ. ಪ್ರಭುಭೋಜನಕ್ಕೆ ಸೇರುವಾಗ, ದೃಢೀಕರಣ ಆಗಿದೆಯೇ ಎಂಬ ಪ್ರಶ್ನೆ ಬಂದಾಗ ಉಪಯೋಗಕ್ಕೆ ಬರುತ್ತದೆ. ಎರಡನೆಯದು, ಒಂದು ಕೆಲಸ ಹಿಡಿಯಿರಿ: ಗಾಯನ ಮಂಡಳಿ, ಸಂಡೇ ಸ್ಕೂಲಿನ ಒಂದು ತರಗತಿ, ಅಥವಾ ಆರಾಧನೆಯ ನಂತರ ಕುರ್ಚಿ ಜೋಡಿಸುವುದು. ಕೈಗೆ ಕೆಲಸವಿದ್ದವನನ್ನು ಜನ ಹುಡುಕುತ್ತಾರೆ. ಮೂರನೆಯದು, ಪಾಕೆಟ್ ಮನಿಯಲ್ಲಿ ಹತ್ತು ರೂಪಾಯಿಯಾದರೂ ಕಾಣಿಕೆಗೆ ತೆಗೆದಿಡಿ. ನಾಲ್ಕನೆಯದು ಕಷ್ಟದ್ದು: ಬೇಸರವಾದ ವಾರವೂ ಹೋಗಿ. ಬೇಸರದ ಉಪದೇಶ, ಮುಂಗೋಪದ ಹಿರಿಯರು, ಕಮಿಟಿ ಚುನಾವಣೆಯ ಜಗಳ ಎಲ್ಲ ಚರ್ಚುಗಳಲ್ಲೂ ಇವೆ. ಕುಂದಿಲ್ಲದ ಸಭೆ ಹುಡುಕುವವನು ಪದವಿ ಮುಗಿಸುತ್ತಾನೆ, ಸಭೆ ಸೇರಿರುವುದಿಲ್ಲ.

ಪಾಲಕರಿಗೂ ಎರಡು ಮಾತು. ವಾರವಾರ ಫೋನಿನಲ್ಲಿ ‘ಚರ್ಚಿಗೆ ಹೋದೆಯಾ?’ ಎಂದು ಹಾಜರಿ ಹಾಕಬೇಡಿ; ‘ಹೋದೆ’ ಎಂಬ ಸುಳ್ಳು ಸುಲಭ. ‘ಅಲ್ಲಿ ಯಾರು ಸಿಕ್ಕಿದರು?’ ಎಂದು ಕೇಳಿ. ಹೆಸರು ಹೇಳಲು ಬಂದರೆ ಮಗು ನೆಲೆ ಕಂಡಿದೆ ಎಂದರ್ಥ. ಮಗ ನಿಮ್ಮದಲ್ಲದ ಸಭೆಗೆ ಹೋಗುತ್ತಿದ್ದರೆ ಕೂಗಾಡುವ ಮೊದಲು ಒಂದು ಭಾನುವಾರ ಅವನೊಡನೆ ಅಲ್ಲಿ ಕುಳಿತು ನೋಡಿ. ಮನೆಯ ಹುಳಿಸಾರು ಸಿಗದ ಊರಿನಲ್ಲಿ ಮಗಳನ್ನು ಊಟಕ್ಕೆ ಕರೆದ ಚರ್ಚಿನ ಕುಟುಂಬದ ಪರಿಚಯ ಮಾಡಿಕೊಳ್ಳಿ. ಆ ಮನೆಯವರ ಫೋನ್ ನಂಬರು ನಿಮ್ಮಲ್ಲಿರಲಿ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆ ನಮ್ಮಲ್ಲಿದೆ. ಭಾನುವಾರದ ವಿಷಯದಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ನಗರದಲ್ಲಿ ಬಾವಿಕಟ್ಟೆಗೆ ಬಾರದೆಯೂ ವರ್ಷ ಕಳೆಯಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಮೂರನೆಯ ತಿಂಗಳ ಕೊನೆಗೆ ಪ್ರತಿ ವಿದ್ಯಾರ್ಥಿಯೂ ತನ್ನನ್ನೇ ಕೇಳಿಕೊಳ್ಳಲಿ: ಮುಂದಿನ ಭಾನುವಾರ ನಾನು ಹೋಗದಿದ್ದರೆ, ‘ಯಾಕೆ ಬರಲಿಲ್ಲ?’ ಎಂದು ಕೇಳುವವರು ಒಬ್ಬರಾದರೂ ಇದ್ದಾರೆಯೇ? ಇಲ್ಲವೆಂದಾದರೆ ಆರಾಧನೆ ಮುಗಿದ ಕೂಡಲೇ ಗೇಟಿನತ್ತ ಓಡದೆ, ಹತ್ತು ನಿಮಿಷ ಅಂಗಳದಲ್ಲಿ ನಿಂತು, ಪಕ್ಕದಲ್ಲಿದ್ದವರ ಹೆಸರು ಕೇಳಿ ತಮ್ಮ ಹೆಸರು ಹೇಳಿ ಬರಲಿ.