ಹತ್ತಕ್ಕೆ ಹತ್ತು ಅಂಕದ ಸ್ಕೂಲು ಮತ್ತು ನಮ್ಮ ಚುರುಕು ಮಗು

ನಮ್ಮ ಸಂಘದಲ್ಲಿ ಪ್ರತಿ ವರ್ಷ ಒಂದಷ್ಟು ಜನ ಪಿಎಚ್‌ಡಿ ಮುಗಿಸಿ, ಕೆಲಸವೋ ಪೋಸ್ಟ್‌ಡಾಕ್ಕೋ ಹಿಡಿದು ಬೇರೆ ರಾಜ್ಯಕ್ಕೆ ಗಂಟುಮೂಟೆ ಕಟ್ಟುತ್ತಾರೆ. ನಾಲ್ಕೈದು ವರ್ಷದ ಮಗು ಇರುವವರ ಮೊದಲ ಪ್ರಶ್ನೆ ಒಂದೇ: "ಅಲ್ಲಿ ಯಾವ ಸ್ಕೂಲ್ ಡಿಸ್ಟ್ರಿಕ್ಟ್ ಒಳ್ಳೇದು?" ಮಗು ಆಗಲೇ ಓದೋಕೆ ಶುರು ಮಾಡಿ, ಲೆಕ್ಕದಲ್ಲಿ ಮುಂದಿದ್ದರೆ ಆತಂಕ ಇನ್ನೂ ಜಾಸ್ತಿ. ಕೂಡಲೇ ರೇಟಿಂಗ್ ನೋಡಿ, ಹತ್ತಕ್ಕೆ ಒಂಬತ್ತು, ಹತ್ತು ಇರುವ ಕಡೆ ಮಾತ್ರ ಮನೆ ಹುಡುಕುತ್ತೇವೆ. ಇದು ತಪ್ಪು ದಾರಿ ಅನ್ನುವುದು ನನ್ನ ಅಭಿಪ್ರಾಯ.

ಆ ಅಂಕ ಬಹುಮಟ್ಟಿಗೆ ಪರೀಕ್ಷಾ ಫಲಿತಾಂಶದಿಂದ ಬರುತ್ತದೆ. ಪರೀಕ್ಷಾ ಫಲಿತಾಂಶಕ್ಕೂ ಆ ಊರಿನ ಮನೆಗಳ ವರಮಾನಕ್ಕೂ ಹತ್ತಿರದ ನಂಟು. ಅಲ್ಲಿ ಎಂಥವರು ಇದ್ದಾರೆ ಅಂತ ಅದು ಹೇಳುತ್ತದೆಯೇ ಹೊರತು, ಪಾಠ ಮೊದಲೇ ಗೊತ್ತಿರುವ ಮಗುವಿಗೆ ಸ್ಕೂಲು ಏನು ಮಾಡುತ್ತದೆ ಅಂತ ಹೇಳುವುದಿಲ್ಲ.

ಇನ್ನು ಕಾನೂನು. ಗಿಫ್ಟೆಡ್ ಮಕ್ಕಳಿಗೆ ವಿಶೇಷ ಪಾಠ ಕೊಡಲೇಬೇಕೆಂಬ ಕೇಂದ್ರ ಕಾನೂನು ಅಮೆರಿಕದಲ್ಲಿಲ್ಲ. 1988ರ ಜಾವಿಟ್ಸ್ ಕಾಯ್ದೆ ಸಂಶೋಧನೆ, ಪ್ರಯೋಗಗಳಿಗೆ ಹಣ ಕೊಡುತ್ತದೆ, ಅಷ್ಟೆ. ಉಳಿದದ್ದೆಲ್ಲ ಆಯಾ ರಾಜ್ಯದ ಮರ್ಜಿ. ಪೆನ್ಸಿಲ್ವೇನಿಯಾದಲ್ಲಿ ಅರ್ಹ ಮಗುವಿಗೆ ಲಿಖಿತ ವೈಯಕ್ತಿಕ ಯೋಜನೆ ಸಿಗಬೇಕು. ಇಲಿನಾಯ್‌ನಲ್ಲಿ 2018ರಿಂದ ಮಗುವನ್ನು ಮುಂದಿನ ತರಗತಿಗೆ, ಇಲ್ಲವೇ ಒಂದೇ ವಿಷಯದಲ್ಲಿ ಮೇಲಕ್ಕೆ ಕಳಿಸುವ ನೀತಿ ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಇರಲೇಬೇಕು. ಕ್ಯಾಲಿಫೋರ್ನಿಯಾ ಇದಕ್ಕೆಂದು ಇಟ್ಟಿದ್ದ ಪ್ರತ್ಯೇಕ ಹಣವನ್ನು 2013ರಲ್ಲಿ ಸಾಮಾನ್ಯ ಅನುದಾನದಲ್ಲೇ ಸೇರಿಸಿಬಿಟ್ಟಿತು. ಸ್ಕೂಲುಗಳಿಗೆ ಹೆಸರಾದ ಮ್ಯಾಸಚೂಸೆಟ್ಸ್‌ನಲ್ಲಿ ಅಂಥ ಕಡ್ಡಾಯವೇ ಇಲ್ಲ. ಅಂದರೆ ಇಲ್ಲಿ ಸಿಕ್ಕ "ಗಿಫ್ಟೆಡ್" ಪಟ್ಟ ರಾಜ್ಯದ ಗಡಿ ದಾಟಿದ ಮೇಲೆ ನಡೆಯುತ್ತದೆ ಅನ್ನುವ ಖಾತ್ರಿ ಇಲ್ಲ.

ಹಾಗಾದರೆ ಏನು ಮಾಡೋದು? ಡಿಸ್ಟ್ರಿಕ್ಟ್ ಕಚೇರಿಗೆ ಫೋನ್ ಮಾಡಿ ನಾಲ್ಕು ಮಾತು ಕೇಳಿ. ಗುರುತಿಸುವುದು ಯಾವ ತರಗತಿಯಲ್ಲಿ? ಎಷ್ಟೋ ಕಡೆ ಎರಡನೇ ಅಥವಾ ಮೂರನೇ ತರಗತಿವರೆಗೆ ಪರೀಕ್ಷೆಯೇ ಇಲ್ಲ, ಅಲ್ಲಿಯವರೆಗೆ ಮಗುವಿಗೆ ಏನು ಕೊಡ್ತೀರಿ? ಎಲ್ಲ ಮಕ್ಕಳನ್ನೂ ಪರೀಕ್ಷಿಸುತ್ತೀರೋ, ಶಿಕ್ಷಕರು ಹೆಸರು ಕೊಟ್ಟವರನ್ನು ಮಾತ್ರವೋ? ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ ಎಲ್ಲರನ್ನೂ ಪರೀಕ್ಷಿಸಿದಾಗ ಬಡ ಮತ್ತು ಅಲ್ಪಸಂಖ್ಯಾತ ಮಕ್ಕಳು ಮೊದಲಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಆಯ್ಕೆಯಾದರು. ಕೊನೆಯದು, ಆಯ್ಕೆಯಾದ ಮೇಲೆ ಸಿಗುವುದು ವಾರಕ್ಕೊಂದು ಗಂಟೆಯೋ, ದಿನವೂ ಪಾಠವೋ? ಲೆಕ್ಕಕ್ಕೆ ಮಾತ್ರ ಮೇಲಿನ ತರಗತಿಗೆ ಹೋಗಬಹುದೇ?

ಸ್ಕೂಲಿಗೆ ಸೇರಿಸುವಾಗ ಮನೆಮಾತು ಯಾವುದು ಅಂತ ಕೇಳುತ್ತಾರೆ. "ಕನ್ನಡ ಅಂತ ಬರೆದರೆ ಇಂಗ್ಲಿಷ್ ಬಾರದವರ ಸಾಲಿಗೆ ಹಾಕಿಬಿಡ್ತಾರೆ" ಅಂತ ಹೆದರಿ ಇಂಗ್ಲಿಷ್ ಅಂತ ತುಂಬುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕನ್ನಡ ಅಂತ ಬರೆದರೆ ಸಾಮಾನ್ಯವಾಗಿ ಮೊದಲು ಒಂದು ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳನ್ನು ಅದೇ ಕಾರಣಕ್ಕೆ ಗಿಫ್ಟೆಡ್ ತರಗತಿಯಿಂದ ಸಾರಾಸಗಟಾಗಿ ಹೊರಗಿಡುವಂತಿಲ್ಲ ಎಂದು ಕೇಂದ್ರ ಸರ್ಕಾರ 2015ರ ಮಾರ್ಗಸೂಚಿಯಲ್ಲಿ ತಿಳಿಸಿತ್ತು. ಎರಡು ಭಾಷೆ ಬರುವುದು ಬುದ್ಧಿಗೆ ಕುಂದಲ್ಲ. ಅದನ್ನು ಮುಚ್ಚಿಟ್ಟರೆ ಕನ್ನಡ ಮರೆಮಾಚಬೇಕಾದ ವಿಷಯ ಅಂತ ಮಗುವಿಗೆ ನಾವೇ ಕಲಿಸಿದಂತಾಗುತ್ತದೆ.

ರೇಟಿಂಗ್ ಹತ್ತು ಇದೆ ಅಂತ ಸಂಬಳದ ಅರ್ಧ ಬಾಡಿಗೆಗೆ ಸುರಿದು, ದಿನಕ್ಕೆರಡು ಗಂಟೆ ರಸ್ತೆಯಲ್ಲಿ ಕಳೆದರೆ, ಮಗುವಿನ ಸಾವಿರ "ಯಾಕೆ"ಗಳಿಗೆ ಉತ್ತರ ಹೇಳುವವರು ಯಾರು? ಆರಂಕದ ಸ್ಕೂಲು, ಹತ್ತು ನಿಮಿಷದ ದಾರಿ, ಸಂಜೆ ಆರಕ್ಕೆ ಮನೆಯಲ್ಲಿರುವ ಅಪ್ಪ ಅಮ್ಮ: ಐದು ವರ್ಷದ ಮಗುವಿಗೆ ಇದೇ ಮೇಲು ಅಂತೀನಿ. ಮೊದಲ ವರ್ಷ ಬಾಡಿಗೆಗಿದ್ದು ಸ್ಕೂಲು ಹೇಗಿದೆ ನೋಡಿ, ಮನೆ ಕೊಳ್ಳೋದು ಆಮೇಲಿದ್ದೇ ಇದೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೀರಿ, ಜಗಳಕ್ಕೆ ನಾನು ಸಿದ್ಧ!