ಸಿಇಟಿ ಅಂಕಕ್ಕೆ ಎಷ್ಟು ತೂಕ?

ಮೈಸೂರಿನ ಯಾವುದೇ ಪಿಯು ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಎರಡು ಬೇರೆ ನಿಯಮಗಳಿಗೆ ಒಳಪಟ್ಟಿರಬಹುದು. ಮೈಸೂರು ವೈದ್ಯಕೀಯ ಕಾಲೇಜು ಸೇರಬೇಕೆನ್ನುವವರಿಗೆ ಪಿಯುಸಿಯಲ್ಲಿ ನಿಗದಿತ ಅರ್ಹತಾ ಅಂಕ ಬಂದರೆ ಸಾಕು, ಮುಂದೆ ಎಲ್ಲವೂ ನೀಟ್ ಅಂಕದ್ದೇ. ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ಮೂಲಕ ಸೀಟು ಬಯಸುವವರಿಗೆ ಮಾತ್ರ ಸಿಇಟಿಯಿಂದ ಅರ್ಧ, ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದಿಂದ ಅರ್ಧ. ಎರಡಕ್ಕೂ ಸಮರ್ಥಕರಿದ್ದಾರೆ, ಎರಡೂ ಕಡೆ ತೂಕದ ಮಾತಿದೆ.

ಪ್ರವೇಶ ಪರೀಕ್ಷೆಯೊಂದೇ ಸಾಕೆನ್ನುವವರ ವಾದ ಸರಳ. ರಾಜ್ಯ ಪಿಯುಸಿ, ಸಿಬಿಎಸ್‌ಇ, ಐಎಸ್‌ಸಿ ಮಂಡಳಿಗಳ ಮೌಲ್ಯಮಾಪನ ಒಂದೇ ಅಳತೆಯದಲ್ಲ. ಪ್ರಾಯೋಗಿಕ ಪರೀಕ್ಷೆಯ 30 ಅಂಕಗಳಲ್ಲಿ ಉದಾರತೆ ಇದೆಯೆಂಬ ಗುಮಾನಿ ಉಪನ್ಯಾಸಕರ ಕೊಠಡಿಯಲ್ಲೇ ಕೇಳಿಬರುತ್ತದೆ. ಸಿಇಟಿಯಲ್ಲಾದರೆ ಎಲ್ಲರಿಗೂ ಅದೇ ದಿನಗಳು, ಒಂದೇ ಪ್ರಶ್ನೆಪತ್ರಿಕೆ, ಒಎಂಆರ್ ಹಾಳೆ. ಅಭ್ಯರ್ಥಿ ಯಾವ ಕಾಲೇಜಿನವನೆಂದು ಯಂತ್ರ ಕೇಳುವುದಿಲ್ಲ. 1994ರಲ್ಲಿ ಸಿಇಟಿ ಆರಂಭವಾದಾಗ ಸೀಟು ಹಂಚಿಕೆಯ ಮೇಲೆ ಜನರಿಗೆ ವಿಶ್ವಾಸ ಮೂಡಲು ಈ ನಿರ್ಲಿಪ್ತತೆ ಮುಖ್ಯ ಕಾರಣವಾಗಿತ್ತು.

ಆದರೆ ಆ ಒಂದೇ ಅವಕಾಶವೇ ಎದುರು ವಾದದ ಬಲ. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ; ಅಂದರೆ ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಇಲ್ಲಿ ವಿಷಯಜ್ಞಾನದ ಜೊತೆಗೆ ವೇಗವೂ ಅಳತೆಗೆ ಬೀಳುತ್ತದೆ, ವೇಗಕ್ಕೆ ತರಬೇತಿ ಬೇಕು, ತರಬೇತಿಗೆ ಹಣ ಬೇಕು. ಎಚ್.ಡಿ. ಕೋಟೆಯ ಸರ್ಕಾರಿ ಕಾಲೇಜಿನ ಹುಡುಗಿ ಎರಡು ವರ್ಷ ಹಂತಹಂತವಾಗಿ ಲೆಕ್ಕ ಬಿಡಿಸಿ ಕಲಿತದ್ದಕ್ಕೆ ಪಿಯುಸಿ ಉತ್ತರಪತ್ರಿಕೆಯಲ್ಲಿ ಮಾತ್ರ ಬೆಲೆ. 2024ರಿಂದ ಪಿಯುಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಆದರೆ ಜ್ವರ ಬಂದು ಸಿಇಟಿ ಕೆಟ್ಟರೆ ಮತ್ತೆ ಬರೆಯಲು ಮುಂದಿನ ವರ್ಷದವರೆಗೆ ಕಾಯಬೇಕು.

ಅರ್ಧ–ಅರ್ಧ ಎಂಬ ಸೂತ್ರ ಇಬ್ಬರನ್ನೂ ಸಮಾಧಾನಪಡಿಸುವಂತೆ ಕಾಣುತ್ತದೆ. ಲೆಕ್ಕ ಹಾಕಿ ನೋಡೋಣ. ಪಿಯುಸಿಯಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 90 ಪಡೆದವರಿಗೆ 47.5 ಮತ್ತು 25, ಒಟ್ಟು 72.5. ಪಿಯುಸಿಯಲ್ಲಿ 240, ಸಿಇಟಿಯಲ್ಲಿ 117 ಪಡೆದವರಿಗೂ 40 ಮತ್ತು 32.5 ಸೇರಿ ಅದೇ 72.5. ಕಾಗದದ ಮೇಲೆ ಸಮಾನತೆ ಸರಿಯಾಗಿದೆ. ಆದರೆ ಒಳ್ಳೆಯ ವಿದ್ಯಾರ್ಥಿಗಳ ಪಿಯುಸಿ ಅಂಕಗಳು ಮೇಲ್ತುದಿಯಲ್ಲಿ ಒತ್ತಾಗಿ ಸೇರಿಕೊಂಡು, ಸಿಇಟಿ ಅಂಕಗಳು ವಿಶಾಲವಾಗಿ ಹರಡಿದ್ದರೆ, ರ‍್ಯಾಂಕನ್ನು ನಿಜವಾಗಿ ನಿರ್ಧರಿಸುವುದು ಸಿಇಟಿಯೇ. ನೆಗೆಟಿವ್ ಅಂಕವಿಲ್ಲದ್ದರಿಂದ ಕಣ್ಣುಮುಚ್ಚಿ ವೃತ್ತ ತುಂಬಿದವರಿಗೂ ಸರಾಸರಿ 45 ಅಂಕ ಬರಬೇಕು ಎಂಬುದನ್ನೂ ಮರೆಯುವಂತಿಲ್ಲ.

ಮಂಡಳಿ ಅಂಕವನ್ನು ನೆಚ್ಚುವುದರ ಅಪಾಯವನ್ನು ಕೋವಿಡ್ ತೋರಿಸಿತು. 2021ರಲ್ಲಿ ಪಿಯುಸಿ ಪರೀಕ್ಷೆ ರದ್ದಾಗಿ ಸಿಇಟಿಯೊಂದರಿಂದಲೇ ರ‍್ಯಾಂಕ್ ಕೊಡಲಾಯಿತು. ಮರುವರ್ಷ ಆ ತಂಡದವರು ಮತ್ತೆ ಸಿಇಟಿ ಬರೆದಾಗ ಪರೀಕ್ಷೆಯಿಲ್ಲದೆ ಸಿಕ್ಕ ಅವರ ಪಿಯುಸಿ ಅಂಕ ಪರಿಗಣಿಸಬೇಕೇ ಎಂಬ ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಅವರ ಅಂಕದಲ್ಲಿ ಕಡಿತ ಮಾಡಿ ಸರಿದೂಗಿಸಬೇಕಾಯಿತು. ಪ್ರವೇಶ ಪರೀಕ್ಷೆಯೂ ನಿರ್ದೋಷಿಯಲ್ಲ. 2024ರ ಏಪ್ರಿಲ್‌ನ ಸಿಇಟಿಯಲ್ಲಿ ಪಠ್ಯಕ್ರಮದ ಆಚೆಯ ಪ್ರಶ್ನೆಗಳು ಬಂದು, 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಲಾಯಿತು. ಅವುಗಳ ಮೇಲೆ ಸಮಯ ಸುರಿದವರಿಗೆ ಆ ನಿಮಿಷಗಳು ಮರಳಿ ಸಿಗಲಿಲ್ಲ.

ಇಷ್ಟನ್ನೂ ತೂಗಿದಾಗ, ಎರಡೂ ಅಳತೆಗಳನ್ನು ಉಳಿಸಿಕೊಳ್ಳುವುದೇ ಕಡಿಮೆ ಅನ್ಯಾಯದ ದಾರಿ ಎನಿಸುತ್ತದೆ, ಆದರೆ ಈಗಿರುವಂತೆ ನೇರವಾಗಿ ಕೂಡಿ ಅಲ್ಲ. ಪ್ರತಿ ಮಂಡಳಿಯ ಅಂಕವನ್ನೂ ಸಿಇಟಿ ಅಂಕವನ್ನೂ ಮೊದಲು ಪರ್ಸೆಂಟೈಲ್‌ಗೆ ಪರಿವರ್ತಿಸಿ, ಆಮೇಲೆ ಕೂಡಿದರೆ ಅರ್ಧ ಎಂಬುದು ನಿಜಕ್ಕೂ ಅರ್ಧಕ್ಕೆ ಹತ್ತಿರವಾದೀತು. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರ ರ‍್ಯಾಂಕ್ ಪಟ್ಟಿಯ ಜೊತೆಗೆ ಅಂಕಗಳ ಹಂಚಿಕೆಯನ್ನೂ ಪ್ರಕಟಿಸಲಿ. ಕಾಲೇಜುಗಳ ಆದ್ಯತೆ ದಾಖಲಿಸುವ ಆಪ್ಷನ್ ಎಂಟ್ರಿಗೆ ಕೂರುವ ಪೋಷಕರು ಆಗ ತಮ್ಮ ಮಗುವಿಗೂ ಮುಂದಿನ ಸಾವಿರ ಮಂದಿಗೂ ನಡುವೆ ಇರುವುದು ಎಷ್ಟು ಅಂಕದ ಅಂತರ ಎಂದು ನೋಡಿಯೇ ತೀರ್ಮಾನಿಸಬಹುದು.